ಏಳು ಮನೆಯ ಬೇಣ, ಒಂದೇ ದಣಪೆ

ಶಿರಸಿಯಿಂದ ಹುಲೇಕಲ್ ಕಡೆಗೆ ಹೋಗುವ ದಾರಿಯಲ್ಲಿ, ಡಾಂಬರು ರಸ್ತೆ ಬಿಟ್ಟು ಎರಡು ಮೈಲು ಒಳಗೆ ಇರುವ ನಮ್ಮ ಊರಿನ ಬೇಣದಲ್ಲಿ, ಅಂದರೆ ದನ ಮೇಯುವ ಹುಲ್ಲಿನ ಗುಡ್ಡದಲ್ಲಿ, 2018ರ ಚಳಿಗಾಲದವರೆಗೆ ಹನ್ನೊಂದು ಸಾಲು ಮುಳ್ಳುತಂತಿಯ ಬೇಲಿಗಳಿದ್ದವು. ನನ್ನ ಅತ್ತೆ ಮದುವೆಯಾಗಿ ಈ ಮನೆಗೆ ಬಂದಾಗ ಅಲ್ಲಿ ಒಂದು ಬೇಲಿಯೂ ಇರಲಿಲ್ಲವಂತೆ. ಒಂದೊಂದು ಮನೆ ಹಿಸೆಯಾದಾಗಲೂ, ಅಂದರೆ ಪಾಲಾದಾಗಲೂ, ತೋಟದ ಜೊತೆಗೆ ಬೇಣವೂ ಹಿಸೆಯಾಗಿ, ಪ್ರತಿಯೊಬ್ಬರಿಗೂ ಗುಡ್ಡದ ನೆತ್ತಿಯಿಂದ ತೋಟದ ತಲೆಯವರೆಗೆ ಇಳಿಯುವ ಒಂದೊಂದು ಉದ್ದನೆಯ ಪಟ್ಟಿ ಸಿಕ್ಕಿ, ಆ ಪಟ್ಟಿಯ ಎರಡೂ ಬದಿಗೆ ತಂತಿ ಬಿದ್ದಿತು. ಏಳು ಮನೆಗಳದ್ದು ಸೇರಿ ಒಟ್ಟು 31 ಎಕರೆ 20 ಗುಂಟೆ. ನಮ್ಮ ಪಾಲಿಗೆ ಬಂದದ್ದು 4 ಎಕರೆ 10 ಗುಂಟೆ. ಅಗಲದಲ್ಲಿ ಅದು ಕೆಲವೆಡೆ ಮೂವತ್ತು ಮಾರೂ ಇಲ್ಲ. ಆ ಬೇಲಿಗಳನ್ನು ತೆಗೆದು, ಬೇಣವನ್ನು ಮತ್ತೆ ಒಟ್ಟಿಗೆ ಮೇಯಿಸಲು ನಾವು ನಡೆದುಕೊಂಡ ರೀತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೇಣಕ್ಕೂ ಬೆಟ್ಟಕ್ಕೂ ಇರುವ ವ್ಯತ್ಯಾಸವನ್ನು ಮೊದಲು ಹೇಳಬೇಕು, ಏಕೆಂದರೆ ಹೊರಗಿನವರು ಮಾತ್ರವಲ್ಲ, ನಮ್ಮ ಮಕ್ಕಳೂ ಈಗ ಎರಡನ್ನೂ ಒಂದೇ ಎಂದು ತಿಳಿಯುತ್ತಾರೆ. ಬೆಟ್ಟ ಎಂದರೆ ಸೊಪ್ಪಿನ ಬೆಟ್ಟ. ಮುಂಬಯಿ ಆಧಿಪತ್ಯದ ಕಾಲದಿಂದ ಘಟ್ಟದ ಮೇಲಿನ ಅಡಿಕೆ ತೋಟಗಳಿಗೆ, ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ, ಸೊಪ್ಪು, ದರಕು (ಒಣ ಎಲೆ), ಕಟ್ಟಿಗೆಗಳಿಗಾಗಿ ಬಿಟ್ಟುಕೊಟ್ಟ ಕಾಡು ಅದು. ನೆಲ ಸರ್ಕಾರದ್ದು, ಬಳಸುವ ಸವಲತ್ತು ಮಾತ್ರ ನಮ್ಮದು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮು ಉತ್ತರ ಕನ್ನಡದ ಬೆಟ್ಟ ಮತ್ತು ಹಾಡಿಗಳ ಸವಲತ್ತುಗಳನ್ನು ಹೆಸರಿಟ್ಟು ಮುಂದುವರಿಸಿದೆ. ನಮ್ಮ ಬೇಣ ಹಾಗಲ್ಲ. ಅದು ಪಹಣಿಯಲ್ಲಿ ನಮ್ಮ ಹೆಸರಿರುವ ಮಾಲ್ಕಿ ಜಾಗ. ತೋಟ ಮತ್ತು ಬೆಟ್ಟಗಳ ನಡುವಿನ ಹುಲ್ಲಿನ ಇಳುಕಲು, ನೆತ್ತಿಯಲ್ಲಿ ಜಂಬಿಟ್ಟಿಗೆಯ ಗಟ್ಟಿ ನೆಲ, ಅಲ್ಲಲ್ಲಿ ನೆಲ್ಲಿ, ಕೌಲು, ಮತ್ತಿ ಮರಗಳು. ದನಕ್ಕೆ ಮೇವು ಅಲ್ಲಿಂದ. ಕೊಟ್ಟಿಗೆಯಲ್ಲಿ ಹಾಸುವ ಕರಡ ಎಂಬ ಒಣಹುಲ್ಲು ಅಲ್ಲಿಂದ. ಆ ಹಾಸಿಗೆ ಸಗಣಿಯೊಂದಿಗೆ ಗೊಬ್ಬರವಾಗಿ ಅಡಿಕೆ ಮರದ ಬುಡಕ್ಕೆ ಹೋಗುತ್ತದೆ. ಹಾಲಿಗಿಂತ ಹೆಚ್ಚಾಗಿ ಗೊಬ್ಬರಕ್ಕಾಗಿಯೇ ದನ ಸಾಕಿದ ಸೀಮೆ ನಮ್ಮದು. ಮಲೆನಾಡು ಗಿಡ್ಡದ ಆಕಳು ದಿನಕ್ಕೆ ಎರಡು ಮೂರು ಲೀಟರ್ ಹಾಲು ಕೊಟ್ಟರೆ ಅದೇ ದೊಡ್ಡದು. ಆದರೆ ಅದು ಕಲ್ಲುಗುಡ್ಡ ಹತ್ತಿ ಮೇಯುತ್ತದೆ, ಮಳೆಯಲ್ಲಿ ನೆನೆದರೂ ನಿಲ್ಲುತ್ತದೆ, ಸಂಜೆ ತಾನಾಗಿ ಮನೆಗೆ ಬರುತ್ತದೆ.

ಬೇಲಿ ಹಾಕಿದ ನಂತರ ಬೇಣಕ್ಕೆ ಆದ ಹಾನಿ ಎರಡು ಬಗೆಯದು, ಮತ್ತು ಅವೆರಡೂ ಒಂದೇ ತಂತಿಯ ಆಚೆ ಈಚೆ ಕಾಣುತ್ತಿದ್ದವು. ದನ ಸಾಕುವುದನ್ನು ಬಿಟ್ಟವರ ಪಟ್ಟಿಗಳಲ್ಲಿ ಯುಪಟೋರಿಯಂ ಎಂಬ ಕಳೆಗಿಡ ಆಳೆತ್ತರ ಬೆಳೆದು ಹುಲ್ಲನ್ನು ಮುಚ್ಚಿಹಾಕಿತು. ಹತ್ತಿರದ ನೆಡುತೋಪಿನಿಂದ ಬೀಜ ಬಿದ್ದ ಅಕೇಶಿಯಾ ಗಿಡಗಳೂ ಎದ್ದವು. ಇನ್ನೂ ದನ ಇದ್ದವರ ಪಟ್ಟಿಗಳಲ್ಲಿ, ನಮ್ಮದೂ ಸೇರಿ, ಅವೇ ನಾಲ್ಕು ಎಕರೆಯನ್ನು ವರ್ಷವಿಡೀ ಅವೇ ದನಗಳು ಕಚ್ಚಿ ಕಚ್ಚಿ, ಹುಲ್ಲಿನ ಬುಡವೇ ಎದ್ದುಹೋಗಿ ಕೆಂಪು ಮಣ್ಣು ಬಿಟ್ಟುಕೊಂಡಿತು. ನೀರಿನ ಒರತೆ ಇದ್ದದ್ದು ಎರಡು ಪಟ್ಟಿಗಳಲ್ಲಿ ಮಾತ್ರ. ಉಳಿದವರು ಮಧ್ಯಾಹ್ನ ದನಗಳನ್ನು ಕೊಟ್ಟಿಗೆಗೆ ಹೊಡೆದು ತಂದು ನೀರು ಕುಡಿಸಿ ಮತ್ತೆ ಬಿಡಬೇಕಿತ್ತು; ಆ ಶ್ರಮ ತಪ್ಪಿಸಲು ಎಷ್ಟೋ ಮಂದಿ ದನವನ್ನು ಕಟ್ಟಿಯೇ ಸಾಕತೊಡಗಿದರು.

2018ರ ಫೆಬ್ರವರಿಯಲ್ಲಿ ಪಾಳು ಬಿದ್ದ ಪಟ್ಟಿಯೊಂದರಲ್ಲಿ ಒಣಗಿ ನಿಂತ ಯುಪಟೋರಿಯಂಗೆ ಬೆಂಕಿ ತಗುಲಿತು. ಹೇಗೆ ತಗುಲಿತು ಎಂಬುದು ಗೊತ್ತಾಗಲಿಲ್ಲ. ಅದು ಮೂರು ಬೇಲಿ ದಾಟಿ ನಮ್ಮ ಕರಡದ ಬಣವೆಯನ್ನು ಸುಟ್ಟು, ತೋಟದ ತಲೆಯ ಅಗಳದವರೆಗೆ, ಅಂದರೆ ಕಂದಕದವರೆಗೆ, ಬಂದು ನಿಂತಿತು. ಹಸಿ ಸೊಪ್ಪಿನಿಂದ ಬಡಿದು ಬೆಂಕಿ ಆರಿಸಲು ಬಂದವರು ಏಳೂ ಮನೆಯವರು, ಜೊತೆಗೆ ಕೆಳಗಿನ ಕೇರಿಯ ಮೂರು ಮನೆಯವರು. ಮಸಿ ಬಳಿದ ಮುಖದಲ್ಲೇ ನಮ್ಮ ಅಂಗಳದಲ್ಲಿ ಕುಳಿತು ಮಜ್ಜಿಗೆ ಕುಡಿಯುವಾಗ ಬೇಲಿಯ ಮಾತು ಮೊದಲ ಬಾರಿ ಬಂದಿತು.

ಬೇಲಿ ತೆಗೆಯೋಣ ಎಂದು ಹೇಳುವುದು ಸುಲಭವಾಗಿತ್ತು. ಅದಕ್ಕೆ ಅಡ್ಡ ಬಂದದ್ದು ಜಿಪುಣತನವಲ್ಲ, ಹಳೆಯ ಭಯ. ನನ್ನ ಮಾವನವರ ತಮ್ಮ, ನಾವು ಸಣ್ಣ ಮಾವ ಎಂದು ಕರೆಯುವವರು, ಮೊದಲ ಸಭೆಯಲ್ಲಿಯೇ ಎದ್ದು ನಿಂತು, “ಎಪ್ಪತ್ನಾಲ್ಕರಲ್ಲಿ ಎಂತಾತು ಹೇಳಿ ನಿಂಗಕ್ಕೆ ಗೊತ್ತಿಲ್ಲೆ” ಎಂದರು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಲ್ಲಿ, ಏಳು ನಂಬರಿನ ಫಾರಂ ಕೊಟ್ಟ ಗೇಣಿದಾರರಿಗೆ ಭೂ ನ್ಯಾಯಮಂಡಳಿಯು ಹಕ್ಕು ಕೊಟ್ಟಿತು. ಉಳುವವರಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ ಎಂದು ನಾನು ನಂಬುತ್ತೇನೆ, ಮತ್ತು ಅದನ್ನು ಆ ಸಭೆಯಲ್ಲಿ ಹೇಳಿದ್ದೇನೆ. ಆದರೆ ಆ ಕಾಲವನ್ನು ಕಂಡ ಮನೆಗಳಲ್ಲಿ, ನಮ್ಮ ಜಾಗದಲ್ಲಿ ಇನ್ನೊಬ್ಬರು ಕಾಲಿಟ್ಟರೆ ಅದು ಮುಂದೊಂದು ದಿನ ಅವರದಾಗುತ್ತದೆ ಎಂಬ ಅಳುಕು ನಲವತ್ತು ವರ್ಷ ದಾಟಿದರೂ ಆರಿರಲಿಲ್ಲ. ಅದನ್ನು ತಿಳಿಯದವರು ಮಲೆನಾಡಿನಲ್ಲಿ ಜಾಗ ಹಂಚಿಕೊಳ್ಳುವ ಮಾತನ್ನು ಎತ್ತಬಾರದು.

ಶಿರಸಿಯ ವಕೀಲರೊಬ್ಬರ ಬಳಿ ನಾವು ನಾಲ್ಕು ಜನ ಹೋಗಿ ಕೇಳಿದೆವು. ಆ ತಿದ್ದುಪಡಿಯ ನಂತರ ಕೃಷಿ ಜಮೀನನ್ನು ಗೇಣಿಗೆ ಕೊಡಲು ಸಾಮಾನ್ಯವಾಗಿ ಅವಕಾಶವೇ ಇಲ್ಲ. ಆದ್ದರಿಂದ ಗೇಣಿ, ಬಾಡಿಗೆ ಎಂಬ ಶಬ್ದಗಳು ಕಾಗದದಲ್ಲಿ ಎಲ್ಲಿಯೂ ಬರಬಾರದು, ಯಾರೂ ಯಾರಿಗೂ ಹುಲ್ಲಿನ ಬಾಬ್ತು ಹಣ ಕೊಡಬಾರದು, ಪ್ರತಿಯೊಬ್ಬ ಮಾಲೀಕನೂ ಉಳಿದವರ ದನಗಳಿಗೆ ಒಂದು ವರ್ಷದ ಮಟ್ಟಿಗೆ ಮೇಯುವ ಅನುಮತಿ ಕೊಡುತ್ತಾನೆ, ಪ್ರತಿ ವರ್ಷ ಹೊಸದಾಗಿ ಸಹಿ ಆಗಬೇಕು ಎಂದು ಅವರು ತಿಳಿಸಿದರು. ಮೊದಲಿಗೆ ಅದು ಕಾಗದದ ಕಿರುಕುಳ ಎನಿಸಿತ್ತು. ವರ್ಷಕ್ಕೊಮ್ಮೆ ಸಹಿಗಾಗಿ ಎಲ್ಲರೂ ಒಂದೆಡೆ ಕೂರಲೇಬೇಕಾದದ್ದು ಆಮೇಲೆ ಎಷ್ಟೋ ಜಗಳಗಳನ್ನು ಬೇಲಿಯವರೆಗೆ ಹೋಗದಂತೆ ತಡೆಯಿತು.

ಗಡಿಯ ಕೆಲಸಕ್ಕೆ ಎರಡು ವಾರ ಹಿಡಿಯಿತು. ಪಹಣಿ ಮತ್ತು ಹಿಸ್ಸಾ ನಕ್ಷೆಗಳನ್ನು ಹಿಡಿದು ಪ್ರತಿ ಪಟ್ಟಿಯ ಮೂಲೆಗಳಲ್ಲಿ ಮೊಳದುದ್ದದ ಗಡಿಕಲ್ಲು ಹುಗಿದು ಸುಣ್ಣ ಬಳಿದೆವು. ಬೇಲಿ ಹೋದರೂ ಗಡಿ ಹೋಗುವುದಿಲ್ಲ ಎಂಬುದು ಕಣ್ಣಿಗೆ ಕಂಡ ಮೇಲೆ ಸಣ್ಣ ಮಾವನವರು ಒಪ್ಪಿದರು. ಬೆಂಗಳೂರಿನಲ್ಲಿರುವ ಒಂದು ಮನೆಯವರು ಫೋನಿನಲ್ಲಿಯೇ ಒಪ್ಪಿಗೆ ಕೊಟ್ಟು ಸಹಿಗೆ ದೊಡ್ಡಹಬ್ಬದ (ದೀಪಾವಳಿಯ) ಹೊತ್ತಿಗೆ ಬಂದರು.

ಕೇರಿಯ ಮೂರು ಮನೆಗಳ ವಿಷಯದಲ್ಲಿ ಮಾತು ಬಿಸಿಯಾಯಿತು. ಅವರಿಗೆ ಬೇಣದಲ್ಲಿ ಒಂದು ಗುಂಟೆಯೂ ಇಲ್ಲ. ಆದರೆ ಅವರ ಹತ್ತಾರು ದನಗಳು ಬೇಲಿಗಳು ಬರುವ ಮೊದಲು ನಮ್ಮ ದನಗಳ ಜೊತೆಗೇ ಮೇಯುತ್ತಿದ್ದವು, ಬೇಲಿ ಬಂದ ಮೇಲೆ ರಸ್ತೆಬದಿ ಸೇರಿದ್ದವು. ಮಾಲ್ಕಿ ಇಲ್ಲದವರನ್ನು ಸೇರಿಸಿದರೆ ಕರಾರಿಗೆ ಅರ್ಥವೇನು ಎಂದು ಇಬ್ಬರು ಕೇಳಿದರು. ಬೆಂಕಿ ಆರಿಸಲು ಬಂದವರನ್ನು ಹುಲ್ಲಿಗೆ ಬರಬೇಡಿ ಎನ್ನಲು ನನ್ನಿಂದ ಆಗುವುದಿಲ್ಲ ಎಂದು ನಾನು ಹೇಳಿದೆ. ನಮ್ಮ ಏಳು ಮನೆಗಳಲ್ಲಿ ದಿನವಿಡೀ ದನದ ಹಿಂದೆ ನಡೆಯಬಲ್ಲವರು ಒಬ್ಬರೂ ಉಳಿದಿರಲಿಲ್ಲ, ಕೇರಿಯಲ್ಲಿ ಇದ್ದರು. ಕೊನೆಗೆ ಅವರ ಹನ್ನೆರಡು ದನಗಳೂ ಸೇರಿದವು. ಕೇರಿಯ ಹಿರಿಯ ಹೆಂಗಸೊಬ್ಬರು ಎಲ್ಲ ದನಗಳನ್ನು ಕಾಯಲು ಒಪ್ಪಿದರು, ಅವರಿಗೆ ತಿಂಗಳ ಸಂಬಳವನ್ನು ದನದ ಲೆಕ್ಕಕ್ಕೆ ಅನುಗುಣವಾಗಿ ಎಲ್ಲರೂ ಕೊಡುವುದೆಂದು ನಿಶ್ಚಯವಾಯಿತು. ಸಭೆಯಲ್ಲಿ ಕೇರಿಯವರಿಗೂ ಮಾತಿನ ಹಕ್ಕು ಇರಬೇಕೆಂದು ನಾನು ಹಟ ಹಿಡಿದದ್ದು ಈ ಕೆಲಸದಲ್ಲಿ ನಾನು ಮಾಡಿದ ಸರಿಯಾದ ಕೆಲಸ ಎಂದು ಇಂದಿಗೂ ಭಾವಿಸುತ್ತೇನೆ. ಮುಂದೆ ಬೇಣವನ್ನು ಉಳಿಸಿದ ಬಹುಪಾಲು ನಿರ್ಧಾರಗಳು ಅವರ ಬಾಯಿಂದಲೇ ಬಂದವು.

ಎಷ್ಟು ದನ ಎಂಬುದಕ್ಕೆ ಮೂರು ಸಭೆಗಳು ಬೇಕಾದವು. ಭೂಕಂದಾಯ ನಿಯಮಗಳಲ್ಲಿ ಗೋಮಾಳಕ್ಕಾಗಿ ನೂರು ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಎಂಬ ಲೆಕ್ಕವಿದೆ. ಅದನ್ನು ಹಿಡಿದರೆ ನಮ್ಮ ಬೇಣಕ್ಕೆ ನೂರು ದನ ಬಿಡಬಹುದು ಎಂದು ನಮ್ಮಲ್ಲಿಯೇ ಒಬ್ಬರು ವಾದಿಸಿದರು. ಆ ಲೆಕ್ಕ ಜಾಗ ಕಾದಿರಿಸುವುದಕ್ಕೆ ಮಾಡಿದ್ದೇ ಹೊರತು ಹುಲ್ಲು ಎಷ್ಟು ಹೊತ್ತು ಬಾಳುತ್ತದೆ ಎಂಬುದಕ್ಕೆ ಅಲ್ಲ. ನಮ್ಮಲ್ಲಿ ಆಗ ಇದ್ದದ್ದು ದೊಡ್ಡದು ಚಿಕ್ಕದು ಸೇರಿ 46. ಬೆಳೆದ ಮಲೆನಾಡು ಗಿಡ್ಡಕ್ಕೆ ಒಂದು, ಎಮ್ಮೆಗೆ ಎರಡು, ಜರ್ಸಿ ಮಿಶ್ರತಳಿಗೆ ಎರಡು, ವರ್ಷ ತುಂಬದ ಕರು ಲೆಕ್ಕಕ್ಕಿಲ್ಲ ಎಂದು ಎಣಿಸಿ, ಮಳೆಗಾಲದಲ್ಲಿ ಒಟ್ಟು 40ಕ್ಕಿಂತ ಹೆಚ್ಚು ಬಿಡಬಾರದು ಎಂದು ಕಟ್ಟು ಮಾಡಿದೆವು. ಜಾಗ ಹೆಚ್ಚಿದ್ದು ದನ ಇಲ್ಲದವರಿಗೆ ಕರಡದಲ್ಲಿ ಹೆಚ್ಚು ಹೊರೆ, ದನ ಹೆಚ್ಚಿದ್ದು ಜಾಗ ಕಡಿಮೆ ಇದ್ದವರಿಗೆ ಕಳೆ ಕೀಳುವುದರಲ್ಲಿ, ಬೆಂಕಿ ದಾಟದಂತೆ ಬೆಂಕಿರೇಖೆ ಸವರುವುದರಲ್ಲಿ ಹೆಚ್ಚು ಆಳುದಿನ. ಹಣದ ಲೆಕ್ಕ ಕಾವಲಿನ ಸಂಬಳಕ್ಕೆ ಮಾತ್ರ.

ಈ ಎಲ್ಲ ಲೆಕ್ಕವನ್ನೂ ನಾನು ಪಟ್ಟಿಯಲ್ಲಿ ಬರೆದುಕೊಳ್ಳುವಾಗ ಅತ್ತೆ ಹೇಳಿದ್ದು ಒಂದೇ ಮಾತು: “ತಂಗೀ, ದನ ಬಿಡದು ಯಾವಾಗ ಹೇಳದಕ್ಕಿಂತ ಬಿಡದೇ ಇಪ್ಪದು ಯಾವಾಗ ಹೇಳದ್ನ ಮೊದ್ಲು ಬರ್ಕಳಿ.” ನಾನು ಅದನ್ನು ಬರೆದುಕೊಳ್ಳಲಿಲ್ಲ. ಅದರ ಬೆಲೆಯನ್ನು ಮುಂದಿನ ಮಳೆಗಾಲದಲ್ಲಿ ಕೊಟ್ಟೆವು.

2019ರ ಜನವರಿಯಲ್ಲಿ ತಂತಿ ತೆಗೆದೆವು. ಅದು ನಾವೆಣಿಸಿದಷ್ಟು ಸರಳವಿರಲಿಲ್ಲ. ಹಳೆಯ ತಂತಿ ತುಕ್ಕು ಹಿಡಿದು ಮರದ ತೊಗಟೆಯೊಳಗೆ ಹೂತುಹೋಗಿತ್ತು. ಎಳೆದಾಗ ತುಂಡಾಗಿ ಹುಲ್ಲಿನಲ್ಲಿ ಬೀಳುತ್ತಿತ್ತು. ಸುತ್ತಲಿನ ಹೊರಬೇಲಿ ಮತ್ತು ಅಗಳ ಉಳಿಸಿಕೊಂಡು, ಒಳಗಿನ ಹನ್ನೊಂದು ಸಾಲುಗಳನ್ನು ತೆಗೆದು, ಊರಿನ ಕಡೆಗೆ ಒಂದೇ ದಣಪೆ, ಅಂದರೆ ದನ ಹೋಗಿಬರುವ ಬಾಗಿಲು, ಇಟ್ಟೆವು. ಬಿದ್ದ ತುಂಡುಗಳನ್ನೆಲ್ಲ ಆರಿಸಿದ್ದೇವೆ ಎಂದುಕೊಂಡಿದ್ದೆ. ಜೂನ್ ಕೊನೆಯಲ್ಲಿ ನಮ್ಮ ಕಪ್ಪು ಆಕಳಿನ ಕೆಚ್ಚಲು ಹರಿದು, ರಕ್ತ ಸುರಿಸುತ್ತ ಅದು ಕೊಟ್ಟಿಗೆಗೆ ಬಂದಿತು. ಹುಲ್ಲಿನಡಿ ಉಳಿದಿದ್ದ ಮೊಳದುದ್ದದ ತಂತಿ. ಪಶುವೈದ್ಯರು ಹೊಲಿಗೆ ಹಾಕಿದರು, ಆದರೆ ಒಂದು ಮೊಲೆ ಶಾಶ್ವತವಾಗಿ ಬತ್ತಿತು. ಆ ದಿನ ನನಗಾದ ದುಃಖವನ್ನು ಮರೆತಿಲ್ಲ. ಯಾರಾದರೂ ಹಳೆಯ ಬೇಲಿ ತೆಗೆಯುವುದಾದರೆ, ಬೇಸಿಗೆಯಲ್ಲಿ ಹುಲ್ಲು ಒಣಗಿ ನೆಲ ಕಾಣುವಾಗ ಸಾಲು ಹಿಡಿದು ಎರಡು ಬಾರಿ ನಡೆಯಬೇಕು, ತಂತಿ ನುಂಗಿದ ಮರದ ಬುಡವನ್ನು ಕೈಯಿಂದ ತಡವಿ ನೋಡಬೇಕು.

ಮೊದಲ ಮಳೆಗಾಲದಲ್ಲಿ ಮಾಡಿದ ತಪ್ಪು ಅದಕ್ಕಿಂತ ದೊಡ್ಡದು. ಬೇಲಿ ಹೋದ ಸಂತೋಷದಲ್ಲಿ, ಮೃಗಶಿರ ಮಳೆಗೆ ಹುಲ್ಲು ಚಿಗುರಿ ನಾಲ್ಕು ದಿನವಾಗುವುದರೊಳಗೆ ಎಲ್ಲ ದನಗಳನ್ನೂ ಬಿಟ್ಟೆವು. ಮನೆಗೆ ಹತ್ತಿರ ಎಂದು ಕೆಳಗಿನ ಬೇಣಕ್ಕೇ ಬಿಟ್ಟೆವು. ಎಳೆಯ ಚಿಗುರು ಬುಡ ಗಟ್ಟಿಯಾಗುವ ಮೊದಲೇ ಹೋಯಿತು. 2019ರ ಆಗಸ್ಟ್ ಮೊದಲ ವಾರದ ಮಳೆಯನ್ನು ಈ ಜಿಲ್ಲೆಯವರು ಯಾರೂ ಮರೆಯಲಾರರು. ಕೆಳಗೆ ನದಿಗಳು ಊರುಗಳಿಗೆ ನುಗ್ಗಿದ ಆ ದಿನಗಳಲ್ಲಿ, ದನದ ಗೊರಸು ತುಳಿದು ಕೆಸರಾಗಿದ್ದ ನಮ್ಮ ಕೆಳಗಿನ ಬೇಣದ ಮಣ್ಣು ನೀರಿನೊಂದಿಗೆ ಎದ್ದು ತೋಟದ ನೀರು ಹರಿದುಹೋಗುವ ಉದಿಗಾಲುವೆ ತುಂಬಿತು. ಅದನ್ನು ಎತ್ತಿ ಹಾಕಲು ಆರು ಆಳು ನಾಲ್ಕು ದಿನ ದುಡಿದರು. ಆಗ ದನ ಕಾಯುವ ಕೇರಿಯ ಅಕ್ಕ ಹೇಳಿದರು: “ಅಮ್ಮಾ, ಮಳಿ ಜೋರಿದ್ದಾಗ ದನಾನ ನೆತ್ತಿಗೆ ಹೊಡೀಬೇಕು. ಅಲ್ಲಿ ಕಲ್ಲು ನೆಲ, ನೀರು ನಿಲ್ಲೂದಿಲ್ಲ. ಕೆಳಗೆ ಹೊಡದ್ರೆ ಮಣ್ಣೇ ಎದ್ದು ಬತ್ತದೆ.” ಸಭೆಯಲ್ಲಿ ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದ್ದರಂತೆ, ನಾವು ದನದ ಸಂಖ್ಯೆಯ ವಾದದಲ್ಲಿ ಮುಳುಗಿದ್ದೆವಂತೆ.

ಮರುವರ್ಷದ ಕರಾರಿನಲ್ಲಿ ಅತ್ತೆಯ ಮಾತನ್ನೂ ಅಕ್ಕನ ಮಾತನ್ನೂ ಮೊದಲ ಪುಟದಲ್ಲಿಯೇ ಬರೆದೆವು. ಬೇಣವನ್ನು ಮೇಲಿನದು, ನಡುವಿನದು, ಕೆಳಗಿನದು ಎಂದು ಅಡ್ಡಲಾಗಿ ಮೂರು ಮಾಡಿದೆವು; ಹಿಸೆಯ ಪಟ್ಟಿಗಳು ಉದ್ದಕ್ಕೆ ಇಳಿಯುವುದರಿಂದ ಪ್ರತಿ ತುಂಡಿನಲ್ಲಿಯೂ ಏಳು ಮನೆಯವರ ಜಾಗ ಇದ್ದೇ ಇರುತ್ತದೆ, ಯಾರ ಪಾಲು ಮೇಯಿತು ಯಾರ ಪಾಲು ಉಳಿಯಿತು ಎಂಬ ಪ್ರಶ್ನೆ ಬರುವುದಿಲ್ಲ. ತಂತಿಯ ಬದಲು ಲೆಕ್ಕಿಗಿಡದ ಸಾಲು ಮತ್ತು ದಬ್ಬೆಯ ತಡೆ ಸಾಕಾಯಿತು, ಏಕೆಂದರೆ ದನದ ಹಿಂದೆ ಆಳು ಇರುತ್ತದೆ. ಮೃಗಶಿರ ಮುಗಿಯುವವರೆಗೆ ಬೇಣಕ್ಕೆ ಒಂದು ದನವೂ ಇಲ್ಲ. ಹುಲ್ಲು ಗೇಣುದ್ದ ಆಗಬೇಕು. ಆರಿದ್ರಾದಿಂದ ಪುಷ್ಯದವರೆಗೆ, ಮಳೆ ಬಿರುಸಾಗಿರುವಾಗ, ಮೇಲಿನ ಬೇಣ. ಆಶ್ಲೇಷಾದಿಂದ ಹುಬ್ಬಾ ತೀರುವವರೆಗೆ ನಡುವಿನದು. ಕೆಳಗಿನದು ದೊಡ್ಡಹಬ್ಬದವರೆಗೆ ಮುಚ್ಚಿರುತ್ತದೆ. ಹಬ್ಬ ಮುಗಿದ ಮೇಲೆ ಕರಡ ಕೊಯ್ದು, ಹೊರೆ ಹಂಚಿ, ಆಮೇಲೆ ದನ ಬಿಡುವುದು. ಮೂರು ತುಂಡುಗಳಲ್ಲಿ ಒಂದನ್ನು ಪ್ರತಿ ವರ್ಷ ಸರದಿಯಂತೆ ಹುಲ್ಲಿನ ಬೀಜ ಬಲಿತು ಉದುರುವವರೆಗೆ ಮುಟ್ಟಬಾರದು. ಈ ಕೊನೆಯ ಕಟ್ಟಳೆಗೆ ಒಪ್ಪಿಸುವುದು ಎಲ್ಲಕ್ಕಿಂತ ಕಠಿಣವಾಯಿತು, ಏಕೆಂದರೆ ಕಣ್ಣೆದುರು ಹಸಿರು ಹುಲ್ಲು ನಿಂತಿರುವಾಗ ಹಸಿದ ದನವನ್ನು ತಿರುಗಿಸಿ ಹೊಡೆಯುವುದು ದನ ಸಾಕಿದವರ ಮನಸ್ಸಿಗೆ ಒಗ್ಗುವ ಕೆಲಸವಲ್ಲ. ಆದರೆ ಬುಡ ಎದ್ದುಹೋಗಿದ್ದ ನಮ್ಮ ಪಟ್ಟಿಯ ಕೆಂಪು ನೆಲದಲ್ಲಿ ಮತ್ತೆ ಹುಲ್ಲು ಹಿಡಿದದ್ದು ಆ ಬೀಜದಿಂದಲೇ. ಸ್ಟೈಲೋ ಎಂಬ ಮೇವಿನ ಗಿಡದ ಬೀಜ ತಂದು ಎರಚಿದ್ದೂ ಇದೆ, ಅದು ಅಂಚಿನಲ್ಲಿ ಚೆನ್ನಾಗಿ ಬಂದಿತು, ಜಂಬಿಟ್ಟಿಗೆಯ ಮೇಲೆ ನಿಲ್ಲಲಿಲ್ಲ.

ಯುಪಟೋರಿಯಂ ಕೀಳುವುದು ಸಾಲು ಸಾಲು ವರ್ಷಗಳ ಕೆಲಸ. ಕತ್ತಿಯಲ್ಲಿ ಸವರಿದರೆ ಬುಡದಿಂದ ಇಮ್ಮಡಿಯಾಗಿ ಚಿಗುರುತ್ತದೆ, ಬೆಂಕಿ ಕೊಟ್ಟರೆ ಬೂದಿಯಲ್ಲಿ ಮೊದಲು ಏಳುವುದೂ ಅದೇ. ಮಣ್ಣು ನೆನೆದು ಮೆತ್ತಗಾದ ಮಘಾ, ಹುಬ್ಬಾ ಮಳೆಗಳ ಹೊತ್ತಿಗೆ ಬೇರುಸಹಿತ ಕಿತ್ತರೆ ಮಾತ್ರ ಸಾಯುತ್ತದೆ. ಡಿಸೆಂಬರಿನಲ್ಲಿ ಹೂ ಬಿಟ್ಟ ಮೇಲೆ ಕಿತ್ತರೆ ಬೀಜ ಹಾರಿಸಿದಂತಾಗುತ್ತದೆ. ಪ್ರತಿ ಮನೆಯಿಂದ ಆಳುದಿನದ ಲೆಕ್ಕಕ್ಕೆ ಬಂದು ಸಾಲಾಗಿ ನಿಂತು ಕೀಳುತ್ತೇವೆ. ಹೂವಿಲ್ಲದ ಹಸಿ ಗಿಡವನ್ನು ಗೊಬ್ಬರಗುಂಡಿಗೆ ಹಾಕುತ್ತೇವೆ. ಮೊದಲ ವರ್ಷ ಕಿತ್ತಲ್ಲಿ ಎರಡನೆಯ ವರ್ಷ ಅಷ್ಟೇ ಎಳೆ ಗಿಡಗಳು ಬಂದವು, ಮೂರನೆಯ ವರ್ಷ ಕಡಿಮೆಯಾದವು, ಆ ನಡುವೆ ಹುಲ್ಲು ಹಬ್ಬಿತು. ಅಕೇಶಿಯಾ ಗಿಡಗಳನ್ನು ಕಡಿದು ಕಟ್ಟಿಗೆ ಮಾಡಿದೆವು. ನೆಲ್ಲಿ, ಕೌಲು, ಮತ್ತಿಗಳ ಒಂದು ಕೊಂಬೆಯನ್ನೂ ಮುಟ್ಟಲಿಲ್ಲ. ದನಕ್ಕೆ ಮಧ್ಯಾಹ್ನದ ನೆರಳು ಅವೇ. 1983ರ ಸೆಪ್ಟೆಂಬರಿನಲ್ಲಿ, ಅಪ್ಪಿಕೋ ಚಳವಳಿ ಶುರುವಾದಾಗ, ಸಾಲ್ಕಣಿಯವರ ಜೊತೆ ಕಳಸೆ ಕಾಡಿಗೆ ಹೋಗಿ ಮರ ಅಪ್ಪಿಕೊಂಡವರೊಬ್ಬರು ನಮ್ಮ ಏಳು ಮನೆಗಳಲ್ಲಿದ್ದಾರೆ. ಯಾವ ಮರ ಕಡಿಯಬೇಕಾದರೂ ಅವರನ್ನು ಕೇಳುವ ವಾಡಿಕೆ ಯಾರೂ ಗೊತ್ತುಮಾಡದೆ ತಾನಾಗಿ ಬೆಳೆದಿದೆ.

ದನಗಳನ್ನು ಒಟ್ಟಿಗೆ ಬಿಡುವುದರಲ್ಲಿ ಅಪಾಯವೂ ಇದೆ, ಅದನ್ನು ಮುಚ್ಚಿಡಬಾರದು. ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಈಚಿನ ವರ್ಷಗಳಲ್ಲಿ ಸಿದ್ದಾಪುರದಲ್ಲಿ ಜೀವ ತೆಗೆದುಕೊಂಡಿದೆ. ದನಗಳು ಆ ರೋಗವನ್ನು ಹರಡುವುದಿಲ್ಲ, ಆದರೆ ಅದನ್ನು ಹರಡುವ ಕಾಡಿನ ಉಣುಗು ದನಗಳ ರಕ್ತ ಕುಡಿದೇ ಹೆಚ್ಚುತ್ತದೆ, ಮೈಗೆ ಕಚ್ಚಿಕೊಂಡು ಕೊಟ್ಟಿಗೆಯವರೆಗೂ ಬರುತ್ತದೆ. ಆದ್ದರಿಂದ ಡಿಸೆಂಬರಿನಿಂದ ಮೇ ತನಕ ಬೆಟ್ಟದ ಅಂಚಿಗೆ ದನ ಹೊಡೆಯುವುದಿಲ್ಲ, ಪಶು ಆಸ್ಪತ್ರೆಯವರು ಹೇಳಿದ ಔಷಧವನ್ನು ಎಲ್ಲ ದನಗಳಿಗೂ ಒಂದೇ ದಿನ ಹಾಕಿಸುತ್ತೇವೆ. ಒಂದು ಮನೆ ಬಿಟ್ಟುಹೋದರೂ ಉಪಯೋಗವಿಲ್ಲ. ದನ ಕಾಯುವ ಅಕ್ಕ ಕಾಡಿನ ಬದಿಗೆ ಹೋಗುವ ದಿನ ಉಣುಗು ಕಚ್ಚದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲ ಹಚ್ಚಿಕೊಳ್ಳುತ್ತಾರೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಮಾತ್ರ ಕರಾರಿನಲ್ಲಿ ಏನೂ ಬರೆದಿರಲಿಲ್ಲ. ಮೊದಲ ಗಂಟು ಕಂಡ ದಿನವೇ ಒಟ್ಟಿಗೆ ಬಿಡುವುದನ್ನು ನಿಲ್ಲಿಸಿ, ಮೂರು ತಿಂಗಳು ಎಲ್ಲರೂ ಅವರವರ ಕೊಟ್ಟಿಗೆಯಲ್ಲಿ ಕಟ್ಟಿ, ಬೇಣದ ಹುಲ್ಲನ್ನು ಕೊಯ್ದು ತಂದು ಹಾಕಿದೆವು. ಕೇರಿಯ ಎರಡು ದನಗಳು ಸತ್ತವು. ರೋಗ ಕಂಡರೆ ಇಪ್ಪತ್ತನಾಲ್ಕು ತಾಸಿನೊಳಗೆ ಎಲ್ಲರಿಗೂ ತಿಳಿಸಬೇಕು, ಮುಚ್ಚಿಟ್ಟವರ ದನಕ್ಕೆ ಆ ವರ್ಷ ದಣಪೆ ತೆರೆಯುವುದಿಲ್ಲ ಎಂಬ ಕಲಮು ಆ ಮೇಲೆ ಸೇರಿತು.

ನೀರಿನ ಕೆಲಸದಲ್ಲಿ ನಾನು ನನ್ನ ಅಭಿಪ್ರಾಯವನ್ನು ಬದಲಿಸಿಕೊಳ್ಳಬೇಕಾಯಿತು. ಇಂಗುಗುಂಡಿ ಎಷ್ಟು ತೋಡಿದರೂ ಒಳ್ಳೆಯದೇ ಎಂದು ನಂಬಿ ಮೊದಲೆರಡು ವರ್ಷ ಇಳುಕಲಿನಲ್ಲೆಲ್ಲ ತೋಡಿಸಿದೆ. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ ಮನೆಗಳು ಹೋದ ಮೇಲೆ, ಕಡಿದಾದ ಇಳುಕಲಿನ ಮಣ್ಣಿಗೆ ಅಷ್ಟೊಂದು ನೀರು ಕುಡಿಸುವುದು ಸರಿಯೇ ಎಂದು ನಮ್ಮವರು ಕೇಳಿದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ತೋಟದ ತಲೆಯ ಕಡಿದಾದ ಭಾಗದ ಗುಂಡಿಗಳನ್ನು ಮುಚ್ಚಿದೆವು, ನೆತ್ತಿಯ ಸಮತಟ್ಟಿನಲ್ಲಿ ಇದ್ದವನ್ನು ಮಾತ್ರ ಉಳಿಸಿಕೊಂಡೆವು. ಎರಡು ಒರತೆಗಳಿಂದ ಪೈಪು ಎಳೆದು ಮೂರು ತುಂಡುಗಳಿಗೂ ಒಂದೊಂದು ಸಿಮೆಂಟಿನ ಮರಿಗೆ ಇಟ್ಟದ್ದು ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಸಣ್ಣ ಖರ್ಚು: ದನ ಒಂದೇ ಕಡೆ ನಿಂತು ತುಳಿಯುವುದು ನಿಂತಿತು.

2021ರಲ್ಲಿಯೇ ಒಂದು ಮನೆಯವರು ಕರಾರಿನಿಂದ ಹೊರಗೆ ಹೋದರು. ಅವರ ಎರಡು ಜರ್ಸಿಗಳನ್ನು ನಾಲ್ಕು ಎಂದು ಎಣಿಸುವುದು ಅನ್ಯಾಯ, ಅವು ಗುಡ್ಡ ಹತ್ತುವುದೇ ಇಲ್ಲ ಎಂಬುದು ಅವರ ದೂರು. ದೂರಿನಲ್ಲಿ ಸತ್ಯವಿತ್ತು. ಮೈ ಭಾರದ ಮೇಲೆ ಎಣಿಸಿದ್ದೆವೇ ಹೊರತು ಎಷ್ಟು ದಿನ ಮೇಯುತ್ತವೆ ಎಂದು ಕೇಳಿರಲಿಲ್ಲ. ನಾವು ಲೆಕ್ಕ ತಿದ್ದುವ ಮೊದಲೇ ಅವರು 5 ಎಕರೆಗೆ ಮತ್ತೆ ತಂತಿ ಹಾಕಿಸಿದರು. ಬೇಣದ ನಡುವೆ ಹೋಗುವ ದನದ ದಾರಿಗೆ ಎಂಟು ಅಡಿ ಬಿಡಿ ಎಂದು ಕೇಳಿಕೊಂಡೆವು, ಬಿಟ್ಟರು. ಕರಡದ ಹೊರೆ ಕೇಳಿದರೆ ಕೊಡುತ್ತೇವೆ, ಬೆಂಕಿರೇಖೆಯ ದಿನ ಅವರೂ ಬರುತ್ತಾರೆ. ಅವರ ಹೆಸರಿನ ಸಾಲನ್ನು ಪ್ರತಿ ವರ್ಷದ ಕರಾರಿನಲ್ಲಿ ಖಾಲಿ ಬಿಟ್ಟೇ ಟೈಪು ಮಾಡಿಸುತ್ತೇನೆ.

2023ರಲ್ಲಿ ಮಳೆಗಾಲ ತಡವಾಗಿ ಹಿಡಿದು ಆಗಸ್ಟ್ ತಿಂಗಳು ಒಣಗಿದಂತೆಯೇ ಕಳೆಯಿತು. ಮೃಗಶಿರ ಮುಗಿದರೂ ಹುಲ್ಲು ಗೇಣುದ್ದ ಆಗಿರಲಿಲ್ಲ. ದಿನಾಂಕ ಬಂದಿದೆ, ದಣಪೆ ತೆಗೆಯಿರಿ ಎಂದು ಇಬ್ಬರು ಬಂದು ನಿಂತರು. ಹುಲ್ಲಿನ ಅಳತೆ ಮುಖ್ಯವೋ ನಕ್ಷತ್ರ ಮುಖ್ಯವೋ ಎಂದು ಕರಾರಿನಲ್ಲಿ ಸ್ಪಷ್ಟವಿರಲಿಲ್ಲ. ಸಣ್ಣ ಮಾವನವರು ಕೈಯಲ್ಲಿ ಕೋಲು ಹಿಡಿದು ಬೇಣಕ್ಕೆ ಹೋಗಿ, ಹತ್ತು ಕಡೆ ಹುಲ್ಲಿಗೆ ಗೇಣು ಹಾಕಿ ನೋಡಿ ಬಂದು, ಇನ್ನೂ ಹದಿನೈದು ದಿನ ಬೇಡ ಎಂದರು. ಐದು ವರ್ಷದ ಹಿಂದೆ ಬೇಲಿ ತೆಗೆಯಲು ಎಲ್ಲರಿಗಿಂತ ಹೆಚ್ಚು ಹೆದರಿದ್ದವರು ಅವರೇ. ಆ ಹದಿನೈದು ದಿನ ಒಣಹುಲ್ಲು ಇದ್ದವರು ಇಲ್ಲದವರಿಗೆ ಕೊಟ್ಟರು, ಕೇರಿಯ ಮನೆಗಳಿಗೆ ನಮ್ಮ ಬಣವೆಯಿಂದ ಹೋಯಿತು. ಆ ವರ್ಷ ದೊಡ್ಡಹಬ್ಬದ ನಂತರ ಕೆಳಗಿನ ಬೇಣದಲ್ಲಿ ಕರಡ ಎಂದಿಗಿಂತ ಕಡಿಮೆ ಬಂದಿತು, ಆದರೆ ಬಂದಿತು. ಬೇಲಿಯ ಒಳಗಿದ್ದ ಆ 5 ಎಕರೆಯಲ್ಲಿ ಕೊಯ್ಯಲು ಏನೂ ಇರಲಿಲ್ಲ.

ಈಗ ಕರಾರಿನಲ್ಲಿ ಗೇಣಿನ ಅಳತೆ ಮೊದಲು, ನಕ್ಷತ್ರ ಆಮೇಲೆ ಎಂದು ಬರೆದಿದೆ. ಜರ್ಸಿಯ ಲೆಕ್ಕವನ್ನು ಒಂದೂವರೆಗೆ ಇಳಿಸಿ, ಮೇಯಲು ಬಿಡುವ ತಿಂಗಳಿಗೆ ಮಾತ್ರ ಎಣಿಸುವುದೆಂದು ತಿದ್ದಿದ್ದೇವೆ. ಹೊರಗೆ ಹೋದ ಮನೆಯವರಿಗೆ ಆ ಪುಟದ ಪ್ರತಿಯನ್ನು ನಾನೇ ಕೊಟ್ಟು ಬಂದೆ, ಓದಿ ಹೇಳುತ್ತೇನೆ ಎಂದರು. ದೊಡ್ಡಹಬ್ಬದ ಬೆಳಿಗ್ಗೆ ಬೇಣದ ನೆತ್ತಿಯ ಹುಲಿಯಪ್ಪನ ಕಲ್ಲಿಗೆ ಕಾಯಿ ಒಡೆದು, ಕೊರಳಿಗೆ ಮಾಲೆ ಕಟ್ಟಿದ ದನಗಳನ್ನು ದಣಪೆಯಲ್ಲಿ ಒಂದೊಂದಾಗಿ ಎಣಿಸಿ ಬಿಡುವ ಕೆಲಸ ಅತ್ತೆಯದು. ಕಣ್ಣು ಮಂಜಾಗಿರುವುದರಿಂದ ಈಗ ಕೇರಿಯ ಅಕ್ಕ ಪಕ್ಕದಲ್ಲಿ ನಿಂತು ಹೆಸರು ಹೇಳುತ್ತಾರೆ, ಅತ್ತೆ ಬೆನ್ನು ತಡವಿ ಲೆಕ್ಕ ಹಿಡಿಯುತ್ತಾರೆ, ನಾನು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಕಳೆದ ಹಬ್ಬಕ್ಕೆ ಮೂವತ್ತೇಳು.